ಶೆಡ್ಡಿನಲ್ಲಿ ಹುಟ್ಟಿದ ಕಾರಿಗೆ ನಂಬರ್ ಕೊಡುವವರು ಯಾರು?

ಹೊಸಮನೆ ಎಂಬ ಬಡಾವಣೆ ಶಿವಮೊಗ್ಗದಲ್ಲೂ ಇದೆ, ಭದ್ರಾವತಿಯಲ್ಲೂ ಇದೆ. ಎರಡೂ ಊರನ್ನು ಬಿ.ಎಚ್. ರಸ್ತೆ ಜೋಡಿಸುತ್ತದೆ, ಹಾದಿಯಲ್ಲಿ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶ. ಇಪ್ಪತ್ತು ಕಿಲೊಮೀಟರಿನಷ್ಟು ಉದ್ದದ ಈ ಪಟ್ಟಿಯೊಳಗೆ ಮನಸ್ಸು ಮಾಡಿದವನೊಬ್ಬ ಒಂದು ಕಾರನ್ನು ತಳದಿಂದ ಕಟ್ಟಿ ನಿಲ್ಲಿಸಬಹುದು. ಎರಕ ಹೊಯ್ಯುವವರಿದ್ದಾರೆ, ಲೇತಿನವರಿದ್ದಾರೆ, ಟಿಂಕರಿಂಗ್ ಮಾಡುವವರಿದ್ದಾರೆ, ಗುಜರಿಯಲ್ಲಿ ಹಳೇ ಓಮ್ನಿಯ ಇಂಜಿನ್ನು ಬಿದ್ದಿರುತ್ತದೆ. ಭದ್ರಾವತಿಯಂತೂ 1923ರಿಂದ ಕಬ್ಬಿಣ ಕರಗಿಸಿದ ಊರು. ಅಲ್ಲಿಯ ಕಾರ್ಖಾನೆಯ ಮಿಶ್ರಲೋಹದ ಉಕ್ಕು ದೇಶದ ಎಷ್ಟೋ ವಾಹನಗಳ ಬಿಡಿಭಾಗವಾಗಿ ಓಡಾಡಿದೆ. ಕಾರ್ಖಾನೆಯ ಕುಲುಮೆ ತಣ್ಣಗಾದರೂ ಫಿಟ್ಟರು, ಟರ್ನರು, ವೆಲ್ಡರುಗಳ ಕೈಗುಣ ಊರಿನಲ್ಲೇ ಉಳಿದುಕೊಂಡಿದೆ.

ಇಲ್ಲಿ ಸಿಗದಿರುವುದು ಒಂದೇ ಒಂದು: ಹಾಗೆ ಕಟ್ಟಿದ ಕಾರಿಗೆ ಕೆಎ-14 ಎಂದು ಶುರುವಾಗುವ ನಂಬರು. ಅದು ಸಿಗದ ಮೇಲೆ ವಿಮೆಯೂ ಇಲ್ಲ. ಮನೆಯಲ್ಲೇ ಸ್ಪೋರ್ಟ್ಸ್ ಕಾರು ಕಟ್ಟುವ ಕನಸಿನ ಹುಡುಗರು ಇದನ್ನು ಕೊನೆಯಲ್ಲಿ ವಿಚಾರಿಸಿಕೊಳ್ಳುತ್ತಾರೆ. ವೆಲ್ಡಿಂಗ್ ಮುಗಿದು, ಪೇಂಟು ಹೊಡೆದು, ಅಕ್ಕಪಕ್ಕದವರೆಲ್ಲ ಬಂದು ಫೋಟೊ ತೆಗೆಸಿಕೊಂಡು ಹೋದ ಮೇಲೆ. ವಿಚಾರಿಸಬೇಕಾದದ್ದು ಮೊದಲ ಪೈಪು ಕತ್ತರಿಸುವುದಕ್ಕೂ ಮುಂಚೆ.

ಜಗತ್ತಿನಲ್ಲಿ ಜನ ಮನೆಯಲ್ಲಿ ಕಟ್ಟಲು ಅತಿ ಹೆಚ್ಚು ಆಸೆಪಡುವ ಕಾರುಗಳು ಎರಡು. ಒಂದು, 1962ರಲ್ಲಿ ಅಮೆರಿಕದ ಕ್ಯಾರೊಲ್ ಶೆಲ್ಬಿ ಇಂಗ್ಲೆಂಡಿನ ಹಗುರ ಕಾರಿಗೆ ಫೋರ್ಡಿನ ವಿ-8 ಇಂಜಿನ್ನು ಕೂರಿಸಿ ಮಾಡಿದ ಕೋಬ್ರಾ. ಇನ್ನೊಂದು, 1957ರಲ್ಲಿ ಕಾಲಿನ್ ಚಾಪ್‌ಮನ್ ರೂಪಿಸಿದ ಲೋಟಸ್ ಸೆವೆನ್. ನಮ್ಮ ಕಡೆಯ ಜೇಬಿಗೂ ಗ್ಯಾರೇಜಿಗೂ ಹೊಂದುವುದು ಎರಡನೆಯದೇ. ಬಾಗಿಲಿಲ್ಲ, ಮೇಲ್ಛಾವಣಿ ಇದ್ದರೂ ಇಲ್ಲದಂತೆ, ಚಕ್ರಗಳು ಮೈಯಿಂದ ಹೊರಗೆ, ತೂಕ ಸುಮಾರು ಐನೂರು ಕಿಲೊ. ಮೊದಲ ಸೆವೆನ್‌ಗಳಲ್ಲಿ ಇದ್ದದ್ದು ಫೋರ್ಡಿನ 1172 ಸಿ.ಸಿ. ಇಂಜಿನ್ನು, ಶಕ್ತಿ ಬರೀ 40 ಅಶ್ವಶಕ್ತಿ. ನಮ್ಮ ಮಾರುತಿ ಜಿಪ್ಸಿಯ 1298 ಸಿ.ಸಿ. ಇಂಜಿನ್ನು ಇದರ ಎರಡು ಪಟ್ಟು ಕೊಡುತ್ತದೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ಅಂಥ ಕಾರು ಹೇಗೆ ಹತ್ತೀತು ಎಂದು ಊಹಿಸಿಕೊಂಡರೇ ಸಾಕು, ಯಾರಿಗಾದರೂ ತಲೆ ಕೆಡುತ್ತದೆ.

ಸೆವೆನ್ ಕಿಟ್ಟಿನ ರೂಪದಲ್ಲಿ ಮಾರಾಟವಾದದ್ದಕ್ಕೆ ಕಾರಣ ತೆರಿಗೆ. ಇಡೀ ಕಾರಿನ ಮೇಲೆ ಬ್ರಿಟನ್ ಸರ್ಕಾರ ಖರೀದಿ ತೆರಿಗೆ ಹಾಕುತ್ತಿತ್ತು, ಬಿಡಿಭಾಗದ ಪೆಟ್ಟಿಗೆಗೆ ಹಾಕುತ್ತಿರಲಿಲ್ಲ. ಆದರೆ ಪೆಟ್ಟಿಗೆಯಲ್ಲಿ ಜೋಡಿಸುವ ಕೈಪಿಡಿ ಇರಬಾರದೆಂಬ ಷರತ್ತಿತ್ತು. ಲೋಟಸ್‌ನವರು ಕಾರನ್ನು ಬಿಚ್ಚುವ ಕೈಪಿಡಿ ಇಟ್ಟರು; ಕೊಂಡವನು ಅದನ್ನು ಕೊನೆಯಿಂದ ಓದಿಕೊಂಡು ಬಂದರಾಯಿತು! ನಮ್ಮ ತೆರಿಗೆ ಸಲಹೆಗಾರರೂ ಮೆಚ್ಚಿ ತಲೆದೂಗುವ ಉಪಾಯ. 1973ರಲ್ಲಿ ಬ್ರಿಟನ್ನಿಗೆ ವ್ಯಾಟ್ ಬಂದು ಆ ಲಾಭ ಹೋಯಿತು. ಅದೇ ವರ್ಷ ಚಾಪ್‌ಮನ್ ಸೆವೆನ್‌ನ ಹಕ್ಕನ್ನು ಕೇಟರ್‌ಹ್ಯಾಮ್ ಸಂಸ್ಥೆಗೆ ಮಾರಿದರು. 1996ರಲ್ಲಿ ರಾನ್ ಚಾಂಪಿಯನ್ ಎಂಬುವರು 250 ಪೌಂಡಿನಲ್ಲಿ ಸ್ವಂತ ಸ್ಪೋರ್ಟ್ಸ್ ಕಾರು ಕಟ್ಟುವುದು ಹೇಗೆಂದು ಪುಸ್ತಕವನ್ನೇ ಬರೆದರು. ಅದರ ನಕ್ಷೆ ಹಿಡಿದು ಲೋಕದ ಮೂಲೆಮೂಲೆಯಲ್ಲಿ ಜನ ಹಳೇ ಫೋರ್ಡ್ ಎಸ್ಕಾರ್ಟನ್ನು ಒಡೆದು ಹೊಸ ಕಾರು ಮಾಡಿಕೊಂಡರು.

ಕರ್ನಾಟಕಕ್ಕೂ ಈ ಹುಚ್ಚು ಹೊಸದಲ್ಲ. ಬೆಂಗಳೂರಿನ ಸಿಪಾನಿಯವರು 1980ರ ದಶಕದಲ್ಲಿ ಡಾಲ್ಫಿನ್ ಎಂಬ ಪುಟ್ಟ ಕಾರು ತಂದರು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ವಿನ್ಯಾಸ, 848 ಸಿ.ಸಿ. ಇಂಜಿನ್ನು, ಮೈಯೆಲ್ಲ ಫೈಬರ್. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಡಾಲ್ಫಿನ್ನನ್ನು ಕೇಳುವವರಿಲ್ಲವಾಯಿತು. ಮುಂದೆ ಬೆಂಗಳೂರು ಮೂಲದ ಸ್ಯಾನ್ ಸಂಸ್ಥೆ ಸ್ಟಾರ್ಮ್ ಎಂಬ ಎರಡು ಸೀಟಿನ, ತೆರೆದ ಛಾವಣಿಯ ಫೈಬರ್ ಕಾರನ್ನು ರೆನೊದ 1149 ಸಿ.ಸಿ. ಇಂಜಿನ್ ಹಾಕಿ ಮಾರಿತು. 2001ರಲ್ಲಿ ಚೇತನ್ ಮೈನಿಯವರ ರೇವಾ ಬಂತು. ಉಕ್ಕಿನ ಪೈಪುಗಳ ಚೌಕಟ್ಟು, ಮೇಲೆ ಪ್ಲಾಸ್ಟಿಕ್ ಹಲಗೆಗಳು, ಕೆಳಗೆ ಬ್ಯಾಟರಿ. ಪಕ್ಕದ ಮಹಾರಾಷ್ಟ್ರದಲ್ಲಿ ಚಿಂಕಾರಾ ಮೋಟಾರ್ಸ್‌ನವರು ಸೆವೆನ್‌ನ ಪ್ರತಿರೂಪದಂಥ ರೋಡ್‌ಸ್ಟರ್ ಕಾರನ್ನೇ ಮಾರಿದರು. ಅದರೊಳಗಿದ್ದದ್ದು ನಮ್ಮ ಅಂಬಾಸಿಡರಿನಲ್ಲಿದ್ದ 1.8 ಲೀಟರಿನ ಇಸುಜು ಇಂಜಿನ್ನು.

ಇವರೆಲ್ಲ ಕಂಪನಿ ಮಾಡಿಕೊಂಡು, ಮಾದರಿಯನ್ನು ಪರೀಕ್ಷೆಗೆ ಒಪ್ಪಿಸಿ, ಪ್ರಮಾಣಪತ್ರ ಪಡೆದು ಕಾರು ಮಾರಿದವರು. ಹೊಸಮನೆಯ ಹುಡುಗನಿಗೂ ಇವರಿಗೂ ಇರುವ ಅಂತರ ಕೈಚಳಕದ್ದಲ್ಲ, ಕಾಗದದ್ದು.

ಕಾಗದದ ಮಾತಿಗೆ ಹೋಗುವ ಮುನ್ನ ಕಬ್ಬಿಣದ ಮಾತು ಒಂದಿಷ್ಟು ಆಗಲಿ. ಸೆವೆನ್ ಮಾದರಿಯ ಕಾರಿಗೆ ಬೇಕಾದದ್ದು ಹಿಂಚಕ್ರಕ್ಕೆ ಶಕ್ತಿ ಹೋಗುವ ಗಾಡಿಯ ಇಂಜಿನ್ನು, ಗೇರ್‌ಬಾಕ್ಸು, ಹಿಂದಿನ ಆ್ಯಕ್ಸಲ್ಲು. ಸ್ವಿಫ್ಟು, ಆಲ್ಟೊಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅವು ಮುಂಚಕ್ರದಿಂದ ಎಳೆಯುವ ಗಾಡಿಗಳು. ನಮ್ಮ ಗುಜರಿಗಳಲ್ಲಿ ಸಿಗುವ ಓಮ್ನಿ, ಈಕೊ, ಜಿಪ್ಸಿ, ಹಳೇ ಪದ್ಮಿನಿ, ಅಂಬಾಸಿಡರ್, ಕಾಂಟೆಸ್ಸಾಗಳೇ ದಾನಿಗಳು. ಓಮ್ನಿಯ 796 ಸಿ.ಸಿ. ಇಂಜಿನ್ನು ಅಗ್ಗ, ಬಿಡಿಭಾಗ ಎಲ್ಲೆಡೆ ಸಿಗುತ್ತದೆ, ಆದರೆ ಸ್ಪೋರ್ಟ್ಸ್ ಕಾರು ಎನ್ನಲು ನಾಚಿಕೆಯಾಗುವಷ್ಟು ಬಡಕಲು. ಜಿಪ್ಸಿಯದೇ ಸರಿಯಾದ ಜೋಡಿ.

ಚೌಕಟ್ಟಿಗೆ 25 ಮಿ.ಮೀ. ಚೌಕದ ಪೈಪು, ಗೋಡೆಯ ದಪ್ಪ 1.6 ಮಿ.ಮೀ. ಇಲ್ಲಿ ಎಡವುವವರೇ ಹೆಚ್ಚು. ಗೇಟು, ಗ್ರಿಲ್ಲು ಮಾಡುವವರಿಗೆ ಕೊಡುವ ಪೈಪು ಹೊರಗಿನಿಂದ ಥೇಟ್ ಹಾಗೇ ಕಾಣುತ್ತದೆ, ಒಳಗೆ ತೆಳ್ಳಗಿರುತ್ತದೆ. ವರ್ನಿಯರ್ ಹಿಡಿದುಕೊಂಡೇ ಅಂಗಡಿಗೆ ಹೋಗಬೇಕು. ಚೌಕ ಚೌಕವಾಗಿ ಬೆಸೆದ ಚೌಕಟ್ಟು ಎಳೆದರೆ ಓರೆಯಾಗುತ್ತದೆ. ಮೂಲೆಯಿಂದ ಮೂಲೆಗೆ ಪೈಪು ಕೊಟ್ಟು ತ್ರಿಕೋನ ಮಾಡಿದಾಗಲೇ ಅದಕ್ಕೆ ಬಿಗಿ. ಮೊದಲು ಎಲ್ಲವನ್ನೂ ಚುಕ್ಕಿ ಬೆಸುಗೆಯಲ್ಲಿ ನಿಲ್ಲಿಸಿ, ಇಂಜಿನ್ನು, ಸ್ಟಿಯರಿಂಗು, ಪೆಡಲು, ಸೀಟು ಎಲ್ಲ ಕೂರಿಸಿ, ಮನುಷ್ಯ ಕೂತರೆ ಮೊಣಕೈ ಎಲ್ಲಿ ತಗಲುತ್ತದೆಂದು ನೋಡಿ, ಆಮೇಲೆ ಬಿಚ್ಚಿ ಪೂರ್ತಿ ಬೆಸುಗೆ ಹಾಕುವುದು ಕ್ರಮ. ಹೊಸಮನೆಯಂಥ ಒತ್ತೊತ್ತಾದ ಬಡಾವಣೆಯಲ್ಲಿ ಇನ್ನೊಂದು ಲೆಕ್ಕವೂ ಇದೆ: ಗೇಟಿನ ಅಗಲ. ಶೆಡ್ಡಿನೊಳಗೆ ಹುಟ್ಟಿದ್ದು ಕಾಂಪೌಂಡು ದಾಟಿ ಹೊರಗೆ ಬರಬೇಕಲ್ಲ.

ಮಲೆನಾಡಿನ ಸೆರಗಿನಲ್ಲಿ ಕೂತು ಫೈಬರ್ ಕೆಲಸ ಮಾಡುವವರು ಪಂಚಾಂಗ ನೋಡಬೇಕು. ಅಚ್ಚಿಗೆ ಮೇಣ ಸವರಿ, ಅದರ ಮೇಲೆ ಜೆಲ್‌ಕೋಟು ಬಳಿದು, ಅದು ಅಂಟುವಷ್ಟು ಒಣಗಿದಾಗ ಫೈಬರ್ ಮ್ಯಾಟು ಹಾಸಿ, ಹಾರ್ಡ್‌ನರ್ ಬೆರೆಸಿದ ರೆಸಿನ್ ಹಚ್ಚಿ, ಗಾಳಿಗುಳ್ಳೆ ಉಳಿಯದಂತೆ ರೋಲರ್ ಎಳೆಯುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮ್ಯಾಟು ಮೂಲೆಯಲ್ಲಿಟ್ಟ ಜಾಗದಲ್ಲೇ ಹಸಿ ಹೀರುತ್ತದೆ. ಹಾಗೆ ಹೀರಿದ ಮ್ಯಾಟಿಗೆ ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ. ಒಣಗಿದ ಮೇಲೆ ಒಳಗೆ ಬಿಳಿ ಮೋಡ ಕಟ್ಟಿದ ಹಾಗೆ ಕಾಣುತ್ತದೆ, ಉಗುರಿನಿಂದ ಕೆರೆದರೆ ಪದರ ಏಳುತ್ತದೆ. ಕಬ್ಬಿಣದ ಕಥೆಯೂ ಅದೇ. ಸಂಜೆ ಎಮರಿ ಉಜ್ಜಿ ಬೆಳ್ಳಗೆ ಮಾಡಿಟ್ಟ ಪೈಪು ಬೆಳಗಾಗುವುದರೊಳಗೆ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಆದ್ದರಿಂದ ಜನವರಿಯಿಂದ ಏಪ್ರಿಲ್‌ವರೆಗೆ ಮೈಕಟ್ಟು, ಮಳೆಗಾಲದಲ್ಲಿ ಇಂಜಿನ್ನು, ವೈರಿಂಗು ಎಂದು ಹಂಚಿಕೊಂಡರೆ ಅರ್ಧ ತಲೆನೋವು ಕಡಿಮೆ.

ಈಗ ಕಾಗದ. ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದ ಪ್ರಕಾರ ಯಾವುದೇ ವಾಹನದ ಮೂಲಮಾದರಿಯನ್ನು ಮೊದಲು ಮಾನ್ಯತೆ ಪಡೆದ ಸಂಸ್ಥೆಯೊಂದರಲ್ಲಿ ಪರೀಕ್ಷಿಸಬೇಕು: ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್, ಅಹಿಲ್ಯಾನಗರದ (ಹಿಂದಿನ ಅಹಮದ್‌ನಗರದ) ವಿಆರ್‌ಡಿಇ ಇತ್ಯಾದಿ. ಅಲ್ಲಿ ಪಾಸಾದ ಮಾದರಿಯಂತೆಯೇ ಈ ಕಾರನ್ನೂ ಮಾಡಲಾಗಿದೆ ಎಂದು ತಯಾರಕನು ಕೊಡುವ ಕಾಗದ ಫಾರ್ಮ್ 22. ಮಾರಾಟದ ಪತ್ರ ಫಾರ್ಮ್ 21. ಇವೆರಡೂ ಇಲ್ಲದೆ ನೋಂದಣಿಗೆ ಕೊಡುವ ಫಾರ್ಮ್ 20 ಮುಂದಕ್ಕೆ ಹೋಗುವುದಿಲ್ಲ. ಬ್ರೇಕ್ ಇನ್ಸ್‌ಪೆಕ್ಟರು ಎಷ್ಟೇ ಒಳ್ಳೆಯವರಾಗಿರಲಿ, ನಿಮ್ಮ ಬೆಸುಗೆ ನೋಡಿ ಎಷ್ಟೇ ಬೆನ್ನು ತಟ್ಟಲಿ, ತಯಾರಕ ಯಾರು ಎಂಬ ಜಾಗವನ್ನು ಅವರು ತಮ್ಮ ಇಷ್ಟದಂತೆ ತುಂಬುವಂತಿಲ್ಲ.

ಹಾಗಿದ್ದರೆ ಪರೀಕ್ಷೆಗೇ ಒಪ್ಪಿಸೋಣವೇ? ಕಾರಿನ ಪರೀಕ್ಷೆಯಲ್ಲಿ ಹೊಗೆ, ಬ್ರೇಕು, ದೀಪದ ಜೊತೆಗೆ ಡಿಕ್ಕಿಯೂ ಸೇರಿದೆ. ಗಂಟೆಗೆ 56 ಕಿ.ಮೀ. ವೇಗದಲ್ಲಿ ಮುಂಭಾಗದ ಒಂದು ಪಾರ್ಶ್ವವನ್ನು ತಡೆಗೆ ಗುದ್ದಿಸುತ್ತಾರೆ, ಇನ್ನೊಂದರಲ್ಲಿ ಪಕ್ಕದಿಂದ ಗುದ್ದುತ್ತಾರೆ. 2019ರಿಂದ ಎಬಿಎಸ್, ಚಾಲಕನ ಏರ್‌ಬ್ಯಾಗ್ ಕಡ್ಡಾಯ. 2020ರ ಏಪ್ರಿಲ್‌ನಿಂದ ಬಿಎಸ್-6. ಹತ್ತು ಸಾವಿರ ಕಾರು ಮಾರುವವನಿಗೆ ಎರಡು ಮೂರು ಕಾರು ಪುಡಿಯಾದರೆ ಲೆಕ್ಕಕ್ಕಿಲ್ಲ. ಕಟ್ಟಿದ್ದೇ ಒಂದು ಕಾರಾದರೆ, ಪಾಸಾದ ದಿನ ನೋಂದಣಿ ಮಾಡಿಸಲು ಉಳಿಯುವುದೇನು?

ಇಲ್ಲಿಂದಲೇ ಅಡ್ಡದಾರಿಯ ಆಸೆ ಹುಟ್ಟುತ್ತದೆ. ಆರ್‌ಸಿ ಇರುವ ಹಳೇ ಕಾರು ಕೊಂಡು, ಅದರ ಮೈ ತೆಗೆದು, ಲ್ಯಾಂಬೊರ್ಗಿನಿಯ ಮುಖ ಹಚ್ಚುವುದು. ಅಸ್ಸಾಮಿನ ಕರೀಂಗಂಜಿನ ಮೆಕ್ಯಾನಿಕ್ ಒಬ್ಬರು ಮಾರುತಿ ಸ್ವಿಫ್ಟನ್ನೇ ಹಾಗೆ ಮಾಡಿ 2022ರಲ್ಲಿ ಅಲ್ಲಿಯ ಮುಖ್ಯಮಂತ್ರಿಗೆ ಉಡುಗೊರೆ ಕೊಟ್ಟದ್ದು ದೇಶವೆಲ್ಲ ಸುದ್ದಿಯಾಯಿತು. ಉಡುಗೊರೆ ಒಪ್ಪಿಸಿಕೊಳ್ಳುವುದು ಬೇರೆ, ದಿನಾ ರಸ್ತೆಗಿಳಿಸುವುದು ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು ಇದಕ್ಕೆ ಅಡ್ಡ ನಿಂತಿದೆ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನು ಇನ್ನಷ್ಟು ಬಿಗಿಮಾಡಿತು: ತಯಾರಕ ಮೂಲದಲ್ಲಿ ಕೊಟ್ಟು ಆರ್‌ಸಿಯಲ್ಲಿ ದಾಖಲಾದ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. ಬಣ್ಣ ಬದಲಿಸಬಹುದು, ಅನುಮತಿ ಪಡೆದು ಇಂಧನದ ವಿಧ ಬದಲಿಸಬಹುದು. ಒಡಲು, ಚಾಸಿ ಮುಟ್ಟುವಂತಿಲ್ಲ. ಮುಟ್ಟಿದ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಎಂದು ಕಾಯ್ದೆಯ 182-ಎ ಹೇಳುತ್ತದೆ. ದಂಡದ ಮೊತ್ತ ದೊಡ್ಡದೇನಲ್ಲ ಎಂದು ನಗುವವರಿದ್ದಾರೆ. ಅವರ ಲೆಕ್ಕದಲ್ಲಿ ವಿಮೆ ಸೇರಿರುವುದಿಲ್ಲ.

ಸ್ವಂತ ಕೈಯಲ್ಲಿ ಕಟ್ಟಿದ ಕಾರಿನವನು ವಿಮಾ ಏಜೆಂಟರ ಮುಂದೆ ಕೂತರೆ ಮಾತು ಹೀಗೇ ನಡೆಯುತ್ತದೆ:

‘ಗಾಡಿ ಯಾವ ಕಂಪನಿದು?’

‘ನಂದೇ ಸಾರ್.’

‘ನಿಮ್ದು ಅಂತ ಗೊತ್ತಾಯ್ತು ಮಾರಾಯ್ರೆ, ಮೇಕ್ ಯಾವುದು? ಮಾಡೆಲ್ಲು?’

‘ನಾನೇ ಮಾಡಿದ್ದು.’

‘ಚಾಸಿ ನಂಬರ್?’

‘ಬೇಕಾದ್ರೆ ಕೊರೆಸ್ತೀನಿ.’

ಏಜೆಂಟರು ಲ್ಯಾಪ್‌ಟಾಪ್ ಮುಚ್ಚುವುದು ಇಲ್ಲಿಗೆ. ಅವರನ್ನು ದೂರಿ ಪ್ರಯೋಜನವಿಲ್ಲ. ನಮ್ಮಲ್ಲಿ ಕಾರಿನ ವಿಮಾ ಮೊತ್ತವನ್ನು, ಅಂದರೆ ಐಡಿವಿಯನ್ನು, ಲೆಕ್ಕ ಹಾಕುವುದು ಆ ಬ್ರ್ಯಾಂಡು, ಆ ಮಾದರಿಗೆ ತಯಾರಕ ಪ್ರಕಟಿಸಿದ ಬೆಲೆಯಿಂದ. ಅದರಿಂದ ಸವಕಳಿ ಕಳೆಯುತ್ತ ಹೋಗುತ್ತಾರೆ: ಆರು ತಿಂಗಳೊಳಗೆ ಶೇ 5, ವರ್ಷದೊಳಗೆ ಶೇ 15, ನಾಲ್ಕು ದಾಟಿ ಐದನೇ ವರ್ಷದಲ್ಲಿ ಶೇ 50. ಬೆಲೆಪಟ್ಟಿಯಲ್ಲೇ ಇಲ್ಲದ ಕಾರಿಗೆ ಕಳೆಯುವುದು ಯಾವುದರಿಂದ? ನಿಮ್ಮ ಮೂರು ವರ್ಷದ ಭಾನುವಾರಗಳಿಗೆ ಆ ಪಟ್ಟಿಯಲ್ಲಿ ಸಾಲಿಲ್ಲ.

ಬ್ರಿಟನ್ನಿನಲ್ಲಿ ಇದಕ್ಕೆ ಪರಿಹಾರ ಇದೆ. ಕಾರಿನ ಫೋಟೊ, ಬಿಲ್ಲು, ಕ್ಲಬ್ಬಿನ ತಜ್ಞರ ಪತ್ರ ನೋಡಿ ವಿಮಾ ಕಂಪನಿಯೂ ಮಾಲೀಕನೂ ಮೊದಲೇ ಒಂದು ಬೆಲೆಗೆ ಒಪ್ಪುತ್ತಾರೆ. ಕಾರು ಹೋದರೆ ಅಷ್ಟೇ ಹಣ, ಚೌಕಾಸಿ ಇಲ್ಲ. ನಮ್ಮ 2002ರ ಮೋಟಾರು ವಿಮಾ ಸುಂಕಪಟ್ಟಿ ಇಂಥ ಒಪ್ಪಿತ ಬೆಲೆಯ ಪಾಲಿಸಿಗೆ ಜಾಗ ಕೊಟ್ಟದ್ದು ವಿಂಟೇಜ್ ಕಾರುಗಳಿಗೆ ಮಾತ್ರ. ವಿಂಟೇಜ್ ಎಂದರೆ 1940ರ ಡಿಸೆಂಬರ್ 31ಕ್ಕಿಂತ ಮೊದಲು ತಯಾರಾಗಿ, ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾದ ಪ್ರಮಾಣಪತ್ರ ಪಡೆದದ್ದು. ಮಹಾರಾಜರ ರೋಲ್ಸ್‌ರಾಯ್ಸಿಗೆ ಸರಿ, ಮಾಚೇನಹಳ್ಳಿಯ ಪೈಪಿನ ಕಾರಿಗೆ ಅಲ್ಲ.

ಇನ್ನು ಸ್ವಿಫ್ಟಿಗೆ ಲ್ಯಾಂಬೊರ್ಗಿನಿಯ ಮೈ ಹಚ್ಚಿ ಸ್ವಿಫ್ಟಿನ ಪಾಲಿಸಿಯನ್ನೇ ನವೀಕರಿಸುತ್ತ ಹೋಗುವವರ ಸಂಗತಿ. ಪ್ರೀಮಿಯಂ ಕಟ್ಟುವಾಗ ಯಾರೂ ಏನೂ ಕೇಳುವುದಿಲ್ಲ, ಮೊಬೈಲಿನಲ್ಲಿ ಎರಡು ನಿಮಿಷದ ಕೆಲಸ. ಪ್ರಶ್ನೆ ಏಳುವುದು ಕ್ಲೇಮಿನ ದಿನ, ಸರ್ವೇಯರು ಆರ್‌ಸಿ ಒಂದು ಕೈಯಲ್ಲಿ ಹಿಡಿದು ಗಾಡಿಯ ಸುತ್ತ ಒಂದು ಸುತ್ತು ಬಂದಾಗ. ಸ್ವಂತ ಹಾನಿಯ ಕ್ಲೇಮು ಅಲ್ಲಿಗೆ ಮುಗಿಯಿತು. ನೋಂದಣಿಯೇ ಇಲ್ಲದ ಗಾಡಿಯಾದರೆ ಕೋರ್ಟಿನ ಮಾತು ಇನ್ನೂ ಖಚಿತ. 2014ರಲ್ಲಿ ನರಿಂದರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನೋಂದಣಿಯಿಲ್ಲದೆ ವಾಹನವನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸುವುದು ಪಾಲಿಸಿಯ ಷರತ್ತಿನ ಮೂಲಭೂತ ಉಲ್ಲಂಘನೆ ಎಂದಿತು. 2021ರಲ್ಲಿ ಸುಶೀಲ್ ಕುಮಾರ್ ಗೋದಾರ ಪ್ರಕರಣದಲ್ಲಿ ಕಳುವಾದ ಕಾರಿಗೂ ಪರಿಹಾರ ಸಿಗಲಿಲ್ಲ. ತಾತ್ಕಾಲಿಕ ನೋಂದಣಿಯ ಅವಧಿ ಮುಗಿದಿತ್ತು. ಕಂಪನಿಯ ಶೋರೂಮಿನಿಂದ ಬಂದ ಗಾಡಿಗಳದೇ ಈ ಗತಿ.

ಕಾರು ಹೋದರೆ ಹೋಗಲಿ ಎನ್ನಬಹುದು. ಹಾಗೆನ್ನಲು ಆಗದ್ದು ಥರ್ಡ್ ಪಾರ್ಟಿಯ ವಿಷಯ. ನನ್ನ ಮಟ್ಟಿಗೆ ಈ ಇಡೀ ವ್ಯವಹಾರದ ತಿರುಳು ಇದೇ. ಥರ್ಡ್ ಪಾರ್ಟಿ ಪ್ರೀಮಿಯಂ ನೋಡಿದರೆ ಅಗ್ಗವೇ: 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ ಸಾವಿರ ಸಿ.ಸಿ. ಒಳಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1500 ಸಿ.ಸಿ. ತನಕ 3,416, ಅದರ ಮೇಲೆ 7,897. ಅಷ್ಟು ಕಟ್ಟಿದ್ದಕ್ಕೆ ಎದುರಿನವರ ಸಾವು, ಗಾಯಕ್ಕೆ ವಿಮಾ ಕಂಪನಿಯ ಹೊಣೆಗೆ ಮಿತಿಯೇ ಇಲ್ಲ. ಆಸ್ತಿ ಹಾನಿಗೆ ಮಾತ್ರ ಏಳೂವರೆ ಲಕ್ಷದ ಗಡಿ. ವಿಮೆಯಿಲ್ಲದೆ ಓಡಿಸಿದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು. ದಂಡ ಕಟ್ಟಿ ಮನೆಗೆ ಬರಬಹುದು. ಬಿ.ಎಚ್. ರಸ್ತೆಯಲ್ಲಿ ಸೈಕಲ್ ಹಿಡಿದು ಹೋಗುತ್ತಿದ್ದ ಗಾರೆಯವನೊಬ್ಬನಿಗೆ ಕಾರು ತಗುಲಿದರೆ, ಮೋಟಾರು ಅಪಘಾತ ನ್ಯಾಯಮಂಡಳಿ ಅವನ ವಯಸ್ಸು, ದುಡಿಮೆ, ಅವಲಂಬಿತರ ಲೆಕ್ಕ ಹಾಕಿ ಕೊಡು ಎನ್ನುವ ಮೊತ್ತ ಎಲ್ಲಿಂದ ಬರಬೇಕು? ಕಟ್ಟಿದವನ ಮನೆ ಮಾರಿ. ಪಾಲಿಸಿ ಇದ್ದು ಷರತ್ತು ಮುರಿದ ಪ್ರಕರಣಗಳಲ್ಲಿ, ಮೊದಲು ನೊಂದವರಿಗೆ ಕೊಡಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಿ ಎಂದು ನ್ಯಾಯಾಲಯಗಳು ವಿಮಾ ಕಂಪನಿಗೆ ಆದೇಶಿಸುವುದುಂಟು. ಪಾಲಿಸಿಯೇ ಇಲ್ಲದಿದ್ದರೆ ನೊಂದವರ ಮನೆಗೆ ಆ ಆಸರೆಯೂ ಇಲ್ಲ. ಸೆವೆನ್‌ನಂಥ ಕಾರಿನ ಮೂಗು ಇರುವುದು ಮೊಣಕಾಲಿನ ಎತ್ತರದಲ್ಲಿ. ಎತ್ತರದ ಸೀಟಿನಲ್ಲಿ ಕೂತ ಲಾರಿ ಚಾಲಕನಿಗೆ ಅದು ಪಕ್ಕದಲ್ಲಿ ಬಂದದ್ದೂ ಕಾಣಿಸಲಿಕ್ಕಿಲ್ಲ. ಸರ್ಕಾರ ಅನುಮಾನದಿಂದ ನೋಡುವುದರಲ್ಲಿ ತಪ್ಪೇನಿದೆ ಎಂದು ಈ ಘಟ್ಟದಲ್ಲಿ ನನಗೂ ಅನಿಸುತ್ತದೆ.

ಕಾರು ರಸ್ತೆಗಿಳಿಯದೆ ಶೆಡ್ಡಿನಲ್ಲೇ ಇರುವಾಗಲೂ ವಿಮೆಯ ಪ್ರಶ್ನೆ ಬಿಡುವುದಿಲ್ಲ. ಬೆಸುಗೆಯ ಕಿಡಿ, ರೆಸಿನ್ ಡಬ್ಬ, ಪೆಟ್ರೋಲು ಒಂದೇ ತಗಡಿನ ಕೆಳಗಿರುತ್ತವೆ. 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಮಾರುತ್ತಿರುವ ಭಾರತ್ ಗೃಹ ರಕ್ಷಾ ಪಾಲಿಸಿ ಮನೆಗೂ ಮನೆಯ ಸಾಮಾನಿಗೂ ರಕ್ಷಣೆ ಕೊಡುತ್ತದೆ. ಕಟ್ಟಡದ ವಿಮಾ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಸಾಮಾನುಗಳು ತಾವಾಗಿಯೇ ಸೇರುತ್ತವೆ. ಆದರೆ ಹೊರಗಿಟ್ಟ ವಸ್ತುಗಳ ಪಟ್ಟಿಯಲ್ಲಿ, ಪ್ರತ್ಯೇಕವಾಗಿ ನಮೂದಿಸದ ಹೊರತು, ವಾಹನಗಳೂ ಇವೆ, ನಕ್ಷೆಗಳೂ ಇವೆ. ಅರ್ಧ ಕಟ್ಟಿದ ಕಾರು ವಾಹನವೋ, ಕಬ್ಬಿಣದ ಸಾಮಾನೋ? ಬೆಂಕಿ ಬಿದ್ದ ಮೇಲೆ ಈ ತರ್ಕ ಮಾಡುತ್ತ ಕೂರುವ ಬದಲು ಪಾಲಿಸಿ ಕೊಳ್ಳುವಾಗಲೇ ಇಂಜಿನ್ನು, ಗೇರ್‌ಬಾಕ್ಸು, ವೆಲ್ಡಿಂಗ್ ಮೆಷಿನ್ನು ಎಂದು ಹೆಸರು ಹಿಡಿದು ಬರೆಸಿ, ಒಪ್ಪಿಗೆಯನ್ನು ಲಿಖಿತವಾಗಿ ತೆಗೆದುಕೊಳ್ಳಬೇಕು. ಬಾಯಿಮಾತಿನ ‘ಆಗುತ್ತೆ ಬಿಡಿ ಸಾರ್’ ಸಾಲದು. ಬ್ರಿಟನ್ನಿನಲ್ಲಿ ಕಟ್ಟುವ ಹಂತಕ್ಕೆಂದೇ ಪಾಲಿಸಿ ಸಿಗುತ್ತದೆ. ಭಾಗಗಳು ಸೇರುತ್ತ ಹೋದಂತೆ ಮೊತ್ತ ಏರಿಸಿಕೊಳ್ಳಬಹುದು.

ನಂಬರಿನ ಗೊಡವೆಯೇ ಬೇಡ ಎಂದರೆ ಒಂದು ರಾಜಮಾರ್ಗವಿದೆ: ರೇಸ್ ಟ್ರ್ಯಾಕು. ಕೊಯಮತ್ತೂರಿನ ಎಸ್. ಕರಿವರ್ಧನ್ 1980ರ ದಶಕದಲ್ಲಿ ಹಿಡಿದದ್ದು ಇದೇ ದಾರಿ. ಮಾರುತಿಯ ಇಂಜಿನ್ನು ಹಾಕಿ ಒಂದೇ ಸೀಟಿನ ಫಾರ್ಮುಲಾ ಮಾರುತಿ ಕಾರುಗಳನ್ನು ಕಟ್ಟಿದರು. ಮುಂದೆ ಫಾರ್ಮುಲಾ ಒನ್‌ವರೆಗೆ ಹೋದ ನರೇನ್ ಕಾರ್ತಿಕೇಯನ್ ರೇಸು ಕಲಿತದ್ದು ಅಂಥ ಕಾರಿನಲ್ಲೇ. ಖಾಸಗಿ ಟ್ರ್ಯಾಕು ಸಾರ್ವಜನಿಕ ರಸ್ತೆಯಲ್ಲವಾದ್ದರಿಂದ ನಂಬರಿನ ಪ್ರಶ್ನೆ ಬರುವುದಿಲ್ಲ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕು ನಮಗೆ ಹತ್ತಿರದವು. ಕಾರನ್ನು ಲಾರಿಯ ಮೇಲೆ ಹೇರಿಕೊಂಡೇ ಹೋಗಬೇಕು, ದಾರಿಯ ಸಾಗಣೆಗೆ ಬೇರೆ ವಿಮೆ ಮಾಡಿಸಬೇಕು. ಟ್ರ್ಯಾಕಿನೊಳಗೆ ಆದದ್ದಕ್ಕೆ ಯಾವ ಮೋಟಾರು ಪಾಲಿಸಿಯೂ ಬರುವುದಿಲ್ಲ. ರೇಸು, ವೇಗಪರೀಕ್ಷೆಗಳನ್ನು ಎಲ್ಲ ಪಾಲಿಸಿಗಳೂ ಹೊರಗಿಡುತ್ತವೆ. ಸ್ವಂತ ಜೀವಕ್ಕೆ ಮಾಡಿಸುವ ವೈಯಕ್ತಿಕ ಅಪಘಾತ ಪಾಲಿಸಿಯಲ್ಲೂ ಅಪಾಯಕಾರಿ ಕ್ರೀಡೆಯ ಸಾಲನ್ನು ಓದಿಯೇ ಸಹಿ ಹಾಕಬೇಕು. ಚಿಕ್ಕಮಗಳೂರಿನ ಕಾಫಿತೋಟಗಳ ರ‍್ಯಾಲಿಗೆ ಈ ಕಾರು ತೆಗೆದುಕೊಂಡು ಹೋಗೋಣ ಎಂದರೆ ಆಗದು. ಒಂದು ಹಂತದಿಂದ ಇನ್ನೊಂದಕ್ಕೆ ಊರ ರಸ್ತೆಯಲ್ಲೇ ಹೋಗಬೇಕಾದ್ದರಿಂದ ರ‍್ಯಾಲಿ ಕಾರಿಗೆ ಆರ್‌ಸಿ ಬೇಕೇ ಬೇಕು.

ರಸ್ತೆಯಲ್ಲೇ ಓಡಿಸಬೇಕೆಂಬ ಹಟವಿದ್ದರೆ ಹಳೇ ಸ್ಯಾನ್ ಸ್ಟಾರ್ಮನ್ನೋ ಚಿಂಕಾರಾ ರೋಡ್‌ಸ್ಟರನ್ನೋ ಹುಡುಕಿ, ಅದರ ಆರ್‌ಸಿಯ ಅವಧಿ ನೋಡಿಕೊಂಡು ಕೊಳ್ಳುವುದು ಒಳ್ಳೆಯದು. ಕೈಗೆ ಕೆಲಸವೂ ಸಿಗುತ್ತದೆ, ಕಾಗದವೂ ಇರುತ್ತದೆ. ಫೈಬರ್ ಮೈಯ ಕಾರು ಎಂದಾಗ ಒಂದು ಮಾತು ನೆನಪಿರಲಿ: ಕ್ಲೇಮಿನಲ್ಲಿ ರಬ್ಬರು, ಪ್ಲಾಸ್ಟಿಕ್ಕಿಗೆ ಶೇ 50 ಸವಕಳಿ ಕಳೆದರೆ ಫೈಬರ್‌ಗ್ಲಾಸಿಗೆ ಶೇ 30 ಕಳೆಯುತ್ತಾರೆ. ಮೈಯೆಲ್ಲ ಫೈಬರ್ ಆದ ಕಾರಿನಲ್ಲಿ ಅದು ಸಣ್ಣ ಮೊತ್ತವಲ್ಲ.

ಸರ್ಕಾರಕ್ಕೆ ಅನುಮಾನ ಇರಲಿ, ಆದರೆ ಅನುಮಾನ ಪರಿಹರಿಸಿಕೊಳ್ಳಲು ಒಂದು ಕಿಟಕಿಯಾದರೂ ಬೇಡವೇ ಎನ್ನುವುದು ನನ್ನ ತಕರಾರು. ಬ್ರಿಟನ್ನಿನವರು ಒಂದೇ ಒಂದು ಕಾರಿಗೂ ಪರೀಕ್ಷೆ ಇಟ್ಟಿದ್ದಾರೆ. ಯಾವುದನ್ನೂ ಗುದ್ದಿಸುವುದಿಲ್ಲ. ಇನ್ಸ್‌ಪೆಕ್ಟರು ಬ್ರೇಕು, ಸ್ಟಿಯರಿಂಗು, ಸೀಟ್‌ಬೆಲ್ಟು ಬಿಗಿದ ಜಾಗ, ದೀಪ, ಹೊಗೆ, ಶಬ್ದ ಎಲ್ಲ ನೋಡುತ್ತಾರೆ. ಹೊರಮೈಯಲ್ಲಿ ಜನಕ್ಕೆ ತಾಗಬಹುದಾದ ಅಂಚುಗಳ ದುಂಡಗು 2.5 ಮಿ.ಮೀ. ತ್ರಿಜ್ಯಕ್ಕಿಂತ ಕಡಿಮೆ ಇದ್ದರೆ ಫೇಲು. ಪಾಸಾದ ಕಾರಿಗೆ ನಂಬರ್ ಸಿಗುತ್ತದೆ. ಭಾಗಗಳ ವಯಸ್ಸು ಗೊತ್ತಾಗದಿದ್ದರೆ ‘ಕ್ಯೂ’ ಅಕ್ಷರದ ನಂಬರು. ಅಮೆರಿಕದವರು 2015ರ ಕಾನೂನಿನಲ್ಲಿ, ಸಣ್ಣ ತಯಾರಕರು ವರ್ಷಕ್ಕೆ 325 ಪ್ರತಿರೂಪ ಕಾರುಗಳನ್ನು ಮಾರಬಹುದೆಂದು ಬರೆದುಕೊಂಡರು. ನಮ್ಮವರೂ ಕೈಕಟ್ಟಿ ಕೂತಿಲ್ಲ. ಹೊರದೇಶದ ಮಾನದಂಡದಲ್ಲಿ ಪಾಸಾದ ವಾಹನಗಳನ್ನು ಇಲ್ಲಿ ಮತ್ತೆ ಪರೀಕ್ಷಿಸದೆ ವರ್ಷಕ್ಕೆ 2,500ರವರೆಗೆ ತರಿಸಿಕೊಳ್ಳಲು 2018ರಲ್ಲಿ ತಯಾರಕರಿಗೆ ಅವಕಾಶ ಕೊಟ್ಟರು. 2021ರ ಜುಲೈಯಲ್ಲಿ ಐವತ್ತು ವರ್ಷ ದಾಟಿದ ವಾಹನಗಳಿಗೆ ಪ್ರತ್ಯೇಕ ನೋಂದಣಿ ತಂದರು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ, ನಂಬರಿನಲ್ಲಿ ‘ವಿಎ’ ಎಂಬ ಅಕ್ಷರ. ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನಕ್ಕೆ, ರ‍್ಯಾಲಿಗೆ, ದುರಸ್ತಿಗೆ, ಪೆಟ್ರೋಲು ಹಾಕಿಸಲು ಮಾತ್ರ. ಚಾಸಿ, ಒಡಲು, ಇಂಜಿನ್ನು ಮೂಲದಂತೆಯೇ ಇರಬೇಕು. ಥರ್ಡ್ ಪಾರ್ಟಿ ಪ್ರೀಮಿಯಮ್ಮಿನಲ್ಲಿ ಅರ್ಧ ರಿಯಾಯಿತಿಯೂ ಉಂಟು.

ಇದೇ ಅಚ್ಚಿನಲ್ಲಿ ಕೈಯಿಂದ ಕಟ್ಟಿದ ಕಾರಿಗೂ ಒಂದು ನಿಯಮ ಬರೆಯುವುದು ಕಷ್ಟವಲ್ಲ: ಒಬ್ಬರಿಗೆ ಒಂದೇ ಕಾರು, ಮಾರುವಂತಿಲ್ಲ, ವರ್ಷಕ್ಕೆ ಇಷ್ಟೇ ಕಿಲೊಮೀಟರು, ಹೆಚ್ಚಿನ ಥರ್ಡ್ ಪಾರ್ಟಿ ಪ್ರೀಮಿಯಂ ಬೇಕಾದರೂ ಸರಿ. ರಾಜ್ಯಕ್ಕೂ ನಷ್ಟವಿಲ್ಲ, ಬೆಲೆಗೆ ತಕ್ಕಂತೆ ಶೇ 13ರಿಂದ 18ರವರೆಗೆ ಏರುವ ಜೀವಿತಾವಧಿ ತೆರಿಗೆ ಇದಕ್ಕೂ ಹಾಕಬಹುದು. ಬೆಲೆ ಎಷ್ಟೆಂದು ಕೇಳಿದರೆ ಬಿಲ್ಲುಗಳ ಕಟ್ಟು ಮುಂದಿಡಬೇಕಷ್ಟೆ.

ಅದಕ್ಕೇ, ಈಗಲೇ ಶುರುಮಾಡಿರುವವರು ಬಿಲ್ಲು ಕಾಪಾಡಿಕೊಳ್ಳಲಿ. ಪೈಪಿನದು, ರೆಸಿನ್ನಿನದು ಜಿಎಸ್‌ಟಿ ಬಿಲ್ಲೇ ಆಗಿರಲಿ. ಗುಜರಿಯವನು ಬರೆದುಕೊಡುವ ಚೀಟಿ ನಡೆಯುವುದಿಲ್ಲ. ದಾನಿ ಗಾಡಿಯ ಆರ್‌ಸಿ ರದ್ದಾದ ಪತ್ರ, ಇಂಜಿನ್ ನಂಬರಿನ ಫೋಟೊ ಇಲ್ಲದಿದ್ದರೆ ಆ ಇಂಜಿನ್ನು ಕಳವಿನದಲ್ಲ ಎಂದು ಮುಂದೆ ಸಾಬೀತು ಮಾಡುವ ಕೆಲಸ ನಿಮ್ಮ ತಲೆಗೇ ಬರುತ್ತದೆ. ಬೆಸುಗೆಯ ಒಂದೊಂದು ಕೀಲಿನ ಫೋಟೊವನ್ನೂ ಪೇಂಟು ಹೊಡೆಯುವ ಮೊದಲೇ ತೆಗೆದಿಡಿ, ಆಮೇಲೆ ಒಳಗಿನದು ಯಾರಿಗೂ ಕಾಣುವುದಿಲ್ಲ. ಥರ್ಮಲ್ ಕಾಗದದ ಬಿಲ್ಲುಗಳನ್ನು ಕೊಂಡ ದಿನವೇ ಜೆರಾಕ್ಸ್ ಮಾಡಿಸಿ. ಶೆಡ್ಡಿನ ಬಿಸಿಗೆ ಅವು ಒಂದೇ ಬೇಸಿಗೆಯಲ್ಲಿ ಅಳಿಸಿಹೋಗುತ್ತವೆ.